ಮಡಿಲು ತುಂಬಿ ಕೆಲಸ ಬಿಡಿಸುವ ಊರಿನಲ್ಲಿ

"ಆಪರೇಷನ್ ಆಗಿದ್ಯಾ?"

ದೊಡ್ಡಬಳ್ಳಾಪುರದಲ್ಲಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ಹೆಸರು ಕೂಡ ಇನ್ನೂ ಕೇಳಿರಲಿಲ್ಲ. ಗಾರ್ಮೆಂಟ್ಸ್ ಕಾರ್ಖಾನೆಯ ಗೇಟಿನೊಳಗೆ ಕುರ್ಚಿ ಹಾಕಿಕೊಂಡು ಕೂತಿದ್ದ ಮ್ಯಾನೇಜರು, ಮಕ್ಕಳಾಗದಂತೆ ಮಾಡಿಸಿಕೊಳ್ಳುವ ಆಪರೇಷನ್ ಆಗಿದೆಯೋ ಇಲ್ಲವೋ ಎಂದು ಸಾಲಿನಲ್ಲಿ ನಿಂತ ಒಬ್ಬೊಬ್ಬ ಹೆಂಗಸನ್ನೂ ವಿಚಾರಿಸುತ್ತಿದ್ದ, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ. ಯಲಬುರ್ಗಾ ಕಡೆಯ ನಮ್ಮ ಹಳ್ಳಿಯಲ್ಲಿ ಅತ್ತೆ ಕೂಡ ಇಂಥ ಮಾತನ್ನು ಬಾಗಿಲು ಮುಂದೆ ಮಾಡಿಕೊಂಡು ಕೇಳುತ್ತಾಳೆ. ನಾನು ಇಲ್ಲ ಎಂದೆ. ಮದುವೆಯಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಅವನ ಮುಖ ಗಂಟಾಯಿತು. ಆದರೆ ಕಾಲರ್ ಹೊಲಿದು ತೋರಿಸಿದ ಮೇಲೆ ಕೆಲಸ ಕೊಟ್ಟ. ಹಾಗೆ ಕೇಳುವುದೇ ತಪ್ಪು ಎಂಬುದು ನನಗೆ ಗೊತ್ತಿರಲಿಲ್ಲ. ತಪ್ಪು ನನ್ನದೇ ಎನ್ನುವಂತೆ ನಾಚಿಕೊಂಡೆ.

ಊರಿನವರು ನೀವು ಫೋನು ಮಾಡಿದಾಗಲೆಲ್ಲ ಕೇಳುತ್ತೀರಲ್ಲ, ಬಳ್ಳಾಪುರ ಹೆಂಗೈತಿ ಅಂತ. ಹೇಳುತ್ತೇನೆ. ನಮ್ಮದು ನೇಕಾರರ ಬೀದಿಯಲ್ಲಿ ಒಂದು ಕೋಣೆಯ ಮನೆ. ಪಕ್ಕದಲ್ಲೇ ವಿದ್ಯುತ್ ಮಗ್ಗಗಳು. ಅವು ಓಡುತ್ತಿದ್ದರೆ ಗೂಡಿನಲ್ಲಿಟ್ಟ ಲೋಟ ನಡುಗುತ್ತದೆ. ನನ್ನ ಗಂಡ ನೆಲಮಂಗಲದ ಗೋಡೌನಿಗೆ ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆಯೇ ಬರುವುದು. ನಾವು ರೊಟ್ಟಿ ಬಡಿದ ಸದ್ದಿಗೆ ಓಣಿಯವರು ಇಣುಕಿ ನೋಡುತ್ತಿದ್ದರು. ಇಲ್ಲಿ ಮುದ್ದೆ, ಅದಕ್ಕೆ ಬಸ್ಸಾರು. ಬಸ್ಸಾರು ಅಂದರೆ ಸೊಪ್ಪು ಕಾಳು ಬೇಯಿಸಿ, ಬಸಿದ ನೀರಿನಲ್ಲಿ ಮಾಡುವ ಸಾರು. ಚೆನ್ನಾಗಿಯೇ ಇರುತ್ತದೆ, ಸುಳ್ಳು ಹೇಳಬಾರದು. ಆದರೆ ಉಂಡ ಮೇಲೂ ಏನೋ ಬಾಕಿ ಉಳಿದಂತೆ ಇರುತ್ತಿತ್ತು.

ಮಾತು ಇನ್ನೊಂದು ಪಾಡು. ಮೊದಲ ವಾರ ಸೂಪರ್‌ವೈಸರಿಗೆ "ಹೌದ್ರೀ" ಎಂದೆ. ನಮ್ಮ ಸಾಲಿನ ಮಷಿನ್ನಿನವರ ಇಡೀ ಬ್ಯಾಚು ನಕ್ಕಿತು. ಪಕ್ಕದ ಮಷಿನ್ನಿನ ಜಯಮ್ಮ, ತೂಬಗೆರೆ ಕಡೆಯವಳು, ನನ್ನ ಮೊಣಕೈ ತಿವಿದು, "ಏನಮ್ಮಾ ರೇಣುಕಾ, ರೀ ಅಂತೀಯಲ್ಲ, ಅವ್ನೇನ್ ನಿನ್ ಗಂಡನಾ?" ಎಂದಳು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಎರಡು ದಿನ ಅವಳ ಜೊತೆ ಮಾತು ಬಿಟ್ಟೆ. ಮೂರನೆಯ ದಿನ ಅವಳೇ ಡಬ್ಬಿ ತೆರೆದು ಹುರುಳಿ ಉಪ್ಸಾರು ಹಂಚಿದಳು. ಆಮೇಲೆ ಇಲ್ಲಿ ನನಗೆ ಅಕ್ಕ ಅಂತ ಇದ್ದರೆ ಅವಳೇ.

ನಮ್ಮಲ್ಲಿ ಉಡಿ ತುಂಬುವುದು ಅನ್ನುತ್ತೇವಲ್ಲ, ಅದನ್ನು ಇಲ್ಲಿ ಮಡ್ಲು ತುಂಬೋದು ಅನ್ನುತ್ತಾರೆ. ಬ್ಯಾಚಿನಲ್ಲಿ ಯಾರಾದರೂ ಬಸುರಿಯಾದರೆ ಎಲ್ಲರೂ ಸೇರಿ ಸೀರೆ ತಂದು, ಊಟದ ಹೊತ್ತಿನಲ್ಲಿ ಕಟಿಂಗ್ ಟೇಬಲ್ಲಿನ ಹತ್ತಿರ ಕೂರಿಸಿ, ಬಳೆ ತೊಡಿಸಿ, ಮಡಿಲಿಗೆ ಅಕ್ಕಿ, ಕೊಬ್ಬರಿ, ಬೆಲ್ಲ ಹಾಕುತ್ತಾರೆ. ಮೊದಲ ಸಲ ನೋಡಿದಾಗ ಕಣ್ಣು ತುಂಬಿ ಬಂತು. ಪರವೂರಲ್ಲೂ ಹೆಣ್ಣಿನ ಕರುಳು ಬಲ್ಲವರು ಇದ್ದಾರೆ ಎನಿಸಿತು. ಅದೇ ಮಧ್ಯಾಹ್ನ ಆ ಹುಡುಗಿಗೆ ಆಫೀಸಿನಿಂದ ಕರೆ ಬಂತು. ಮಡಿಲು ಕಟ್ಟಿಕೊಂಡೇ ಹೋಗಿ ರಾಜೀನಾಮೆಗೆ ಸಹಿ ಹಾಕಿ ಬಂದಳು. ಇದಕ್ಕೆ ಇಲ್ಲಿ ಪೇಪರ್ ಹಾಕೋದು ಅನ್ನುತ್ತಾರೆ. ಯಾರಿಗೂ ಅದು ಅನ್ಯಾಯ ಅನಿಸಲಿಲ್ಲ. ಹೆರಿಗೆಗೆ ಹೋಗುವವಳು ಹೇಳಿ ಹೋಗುವ ಶಾಸ್ತ್ರದಂತೆ ಅದೂ ಒಂದು ಎಂದುಕೊಂಡಿದ್ದರು.

ಮರುವರ್ಷ ನಾನು ಬಸುರಿಯಾದೆ. ಅವ್ವ ದಿನಾ ಫೋನು ಮಾಡುತ್ತಿದ್ದಳು. "ಚೊಚ್ಚಲ ಹೆರಿಗಿ ತವರಾಗ ಆಗ್ಬೇಕವ್ವಾ. ಕುಬಸಕ್ಕ ಯಾವಾಗ ಬರ್ತಿ?" ಇಲ್ಲಿಯವರ ಸೀಮಂತವೇ ನಮ್ಮ ಕುಬಸ. ನನಗೂ ತವರಿನದೇ ಧ್ಯಾನ. ಬಚ್ಚಲ ಒಲೆಯ ಹೊಗೆ, ಹಂಡೆಯ ನೀರು, ಅವ್ವನ ಒರಟು ಕೈ. ಮಷಿನ್ನಿನ ಮುಂದೆ ಕೂತಲ್ಲೇ ಅದೆಲ್ಲ ಮೈಗೆ ತಾಗಿದಂತಾಗುತ್ತಿತ್ತು.

ಆಗಲೇ ನಮ್ಮ ಓಣಿಯ ಸರೋಜಮ್ಮ ಸಿಕ್ಕಳು. ಹಿಂದೆ ಟೈಲರ್ ಆಗಿದ್ದವಳು, ಈಗ ಕಾರ್ಮಿಕ ಸಂಘದಲ್ಲಿ ಓಡಾಡುತ್ತಾಳೆ. "ಪೇಪರ್ ಯಾಕಮ್ಮಾ ಹಾಕ್ತೀಯ? ಇಪ್ಪತ್ತಾರು ವಾರ ಸಂಬಳದ ರಜೆ ನಿನ್ ಹಕ್ಕು. ಬಸುರಿ ಅಂತ ಕೆಲಸದಿಂದ ತೆಗೆಯೋ ಹಾಗಿಲ್ಲ, ಇರೋ ಕೆಲಸ ಕೆಡಿಸೋ ಹಾಗೂ ಇಲ್ಲ," ಎಂದಳು. ಜಯಮ್ಮನಿಗೆ ಹೇಳಿದರೆ ಅವಳು ನಂಬಲಿಲ್ಲ. "ಸಂಘದೋರು ಕಂಡೋರ ಮಕ್ಕಳ್ನ ಬಾವಿಗೆ ತಳ್ಳಿ ಆಳ ನೋಡ್ತಾರೆ ಕಣಮ್ಮಾ. ಸುಮ್ನೆ ಬರ್ಕೊಟ್ಬಿಡು. ನಾನು ಎರಡು ಸಲಾನೂ ಹಂಗೇ ಮಾಡಿದ್ದು." ಎರಡು ಸಲವೂ ಅವಳು ಹೊಸಬಳ ಸಂಬಳಕ್ಕೆ ಮತ್ತೆ ಸೇರಿದ್ದಳು. ನನಗಿಂತ ಎಷ್ಟೋ ಮುಂಚಿನಿಂದ ದುಡಿದರೂ ಗ್ರಾಚ್ಯುಟಿಗೆ ಬೇಕಾದ ಸತತ ಸೇವೆ ಅವಳಿಗೆ ಎಂದೂ ಕೂಡಿ ಬರಲಿಲ್ಲ.

ನನ್ನ ಮಡಿಲು ತುಂಬಿದರು. ಹಸಿರು ಸೀರೆ, ಜಯಮ್ಮನೇ ಆರಿಸಿದ್ದು. ಅವ್ವ ಇಲ್ಲದ ಜಾಗದಲ್ಲಿ ಅಷ್ಟು ಜನ ಹರಸಿದಾಗ ಅತ್ತುಬಿಟ್ಟೆ. ಆಮೇಲೆ ಕರೆ ಬಂತು, ಹೋದೆ. ಸಹಿ ಹಾಕಲಾರೆ, ರಜೆ ಕೊಡಿ ಎಂದೆ. "ಊರಿಗೆ ಹೋಗೋಳಿಗೆ ಕೆಲಸ ಯಾಕಮ್ಮಾ?" ಎಂದ ಮ್ಯಾನೇಜರು. "ಹೋಗಿ ಬರೋಳ್ರೀ ನಾನು," ಎಂದೆ.

ಮರುದಿನ ನನ್ನನ್ನು ಮಷಿನ್ನಿನಿಂದ ಎಬ್ಬಿಸಿ, ನಿಂತು ದಾರ ಕತ್ತರಿಸುವ ಕೆಲಸಕ್ಕೆ ಹಾಕಿದರು. ಕಾಲು ಊದಿಕೊಂಡವು. ಇವಳೊಬ್ಬಳಿಂದ ಬ್ಯಾಚಿನ ಟಾರ್ಗೆಟ್ ಬೀಳುತ್ತಿದೆ ಎಂದು ಎಲ್ಲರೆದುರು ಬೈಯುತ್ತಿದ್ದರು. ಹರಸಿದವರೇ ಮುಖ ತಿರುಗಿಸಿದರು. ಸರೋಜಮ್ಮ ಕಾರ್ಮಿಕ ಇಲಾಖೆಗೆ ನನ್ನ ದೂರು ಕೊಡಿಸಿದಳು. ಆದರೆ ರಜೆ ಮಂಜೂರಾಗದೆ ಊರಿಗೆ ಹೋದರೆ, ಹೇಳದೆ ಕೇಳದೆ ಕೆಲಸ ಬಿಟ್ಟಳು ಎಂದು ಬರೆದುಕೊಳ್ಳುತ್ತಾರೆ. ತವರಿಗೆ ಹೋದರೆ ಕೆಲಸವಿಲ್ಲ. ಕೆಲಸ ಬೇಕೆಂದರೆ ತವರಿಲ್ಲ. ಗಂಡ, "ಬಿಟ್ಟುಬಿಡು, ಊರಿಗೆ ಹೋಗು," ಎಂದ. ಅವನ ತಪ್ಪಿಲ್ಲ, ನನ್ನ ಕಾಲು ನೋಡಲಾರದೆ ಅಂದ ಮಾತು. ಕುಬಸದ ದಿನ ಕಳೆದೇ ಹೋಯಿತು. ಅವ್ವ ಅಂದು ಫೋನು ಮಾಡಲಿಲ್ಲ. ನಾನೂ ಮಾಡಲಿಲ್ಲ.

ಕಾರ್ಮಿಕ ಅಧಿಕಾರಿ ಎರಡೂ ಕಡೆಯವರನ್ನು ತಮ್ಮ ಕಚೇರಿಗೆ ಕರೆದರು. ಹೆಂಗಸರೆಲ್ಲ ತಮ್ಮಿಷ್ಟದಿಂದಲೇ ಬಿಟ್ಟು ಹೋಗುತ್ತಾರೆ ಎಂದು ಮ್ಯಾನೇಜರು ಹೇಳಿದ. ಬಾಗಿಲ ಹತ್ತಿರ ಯಾರೋ ಕೆಮ್ಮಿದರು. ನೋಡಿದರೆ ಜಯಮ್ಮ, ಅರ್ಧ ದಿನದ ಸಂಬಳ ಬಿಟ್ಟು ಬಂದಿದ್ದಾಳೆ. ನಾನು ಕರೆದಿರಲಿಲ್ಲ. ತಾನೂ ಎರಡು ಸಲ ಪೇಪರ್ ಹಾಕಿದವಳು ಎಂದಳು. ನೀವು ಇಷ್ಟಪಟ್ಟು ಬರೆದು ಕೊಟ್ಟಿರಾ ಎಂದು ಅಧಿಕಾರಿ ಅವಳನ್ನು ಕೇಳಿದರು.

"ಇಷ್ಟ ಅಂತ ಯಾರ್ ಸಾರ್ ಕೇಳಿದ್ರು? ಅರಿಶಿನ ಕುಂಕುಮ ಇಟ್ರು, ಮಡ್ಲು ತುಂಬಿದ್ರು, ಸೈನ್ ಹಾಕು ಅಂದ್ರು. ತುಂಬಿದ್ ಮಡ್ಲು ಹಿಡ್ಕೊಂಡು ಇಲ್ಲ ಅನ್ನೋಕ್ಕಾಗುತ್ತಾ?"

ರಜೆ ಕೊಡಬೇಕು, ಹಳೆಯ ಮಷಿನ್ನಿಗೇ ಕೂರಿಸಬೇಕು ಎಂದು ಅಧಿಕಾರಿ ಬರೆಸಿದರು. ಆ ವಾರವೇ ಜಯಮ್ಮನನ್ನು ಬೇರೆ ಫ್ಲೋರಿಗೆ ಎತ್ತಿ ಹಾಕಿದರು. ಸಾಕ್ಷಿ ಹೇಳಿದವರನ್ನು ಕಾಡುತ್ತಿದ್ದಾರೆ ಎಂದು ಸರೋಜಮ್ಮ ಇನ್ನೊಂದು ದೂರು ಬರೆದಳು. ಜಯಮ್ಮ ನನ್ನ ಪಕ್ಕಕ್ಕೆ ವಾಪಸು ಬರಲು ತಿಂಗಳುಗಳೇ ಹಿಡಿದವು.

ರಜೆಯ ಕಾಗದ ಕೈಗೆ ಬಂದಾಗ ಡಾಕ್ಟರು, ಇನ್ನು ಅಷ್ಟು ದೂರ ಪ್ರಯಾಣ ಬೇಡ ಎಂದರು. ಗೆದ್ದೆ, ಆದರೆ ಊರಿಗೆ ಹೋಗಲಾಗಲಿಲ್ಲ. ಇಲ್ಲಿನ ಸರಕಾರಿ ಆಸ್ಪತ್ರೆಯಲ್ಲಿ ಮಗಳು ಹುಟ್ಟಿದಳು. ಅವ್ವ ಪುಕ್ಕಟೆ ಬಸ್ಸಿನಲ್ಲಿ ಬಾಣಂತಿಗೆಂದು ಅಂಟಿನುಂಡಿಯ ಡಬ್ಬಿ ಹಿಡಿದು ಮರುದಿನ ಬಂದಳು. ವಠಾರದ ಬಚ್ಚಲು ನೋಡಿ, "ಒಲಿ ಇಲ್ಲ, ಹಂಡೆ ಇಲ್ಲ, ಕೂಸಿಗೆ ಎಲ್ಲಿ ಎರೀಲವ್ವಾ?" ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ಬಿತ್ತನೆ ಹತ್ತಿರ ಬಂತೆಂದು ಬೇಗ ಹೊರಟುಹೋದಳು. ಚೊಚ್ಚಲ ಬಾಣಂತನ ಎರಡನೆಯ ಸಲ ಬರುವುದಿಲ್ಲ. ಈ ಹಂಬಲ ಯಾವ ಅಧಿಕಾರಿಯ ಮುಂದೆ ಹೇಳಿಕೊಂಡರೂ ತೀರುವುದಲ್ಲ.

ಈಗಲೂ ನಮ್ಮ ಬ್ಯಾಚಿನಲ್ಲಿ ಮಡಿಲು ತುಂಬುತ್ತಾರೆ. ಆಫೀಸಿನಿಂದ ಕರೆ ಬರುವುದು ಕಡಿಮೆಯಾಗಿದೆ. ಬಂದರೆ ಜಯಮ್ಮ ತಾನೂ ಎದ್ದು ಜೊತೆಗೆ ಹೋಗುತ್ತಾಳೆ.

ಕಳೆದ ಬೇಸಿಗೆಯಲ್ಲಿ ಮಗಳನ್ನು ಊರಿಗೆ ಕರೆದುಕೊಂಡು ಬಂದಿದ್ದೆ. ಅವಳಿಗೆ ಮೂರು ತುಂಬಿದೆ, ನನ್ನನ್ನು ಅವ್ವ ಅನ್ನದೆ ಅಮ್ಮ ಅನ್ನುತ್ತಾಳೆ. ಅವ್ವ ಹಂಡೆಗೆ ಉರಿ ಹಾಕಿ, ಬಾಕಿ ಇದ್ದುದೆಲ್ಲ ಒಮ್ಮೆಲೇ ತೀರಿಸುವವಳ ಹಾಗೆ ಉಜ್ಜಿ ಉಜ್ಜಿ ಎರೆದಳು. ಸಂಜೆ ಕಟ್ಟೆಯ ಮೇಲೆ ಕೂತಿದ್ದಾಗ ಮಗಳು ನನ್ನ ಗಲ್ಲ ಹಿಡಿದು ಕೇಳಿದಳು:

"ಅಮ್ಮಾ, ನಮ್ಮೂರಿಗೆ ಯಾವಾಗ ಹೋಗೋದು?"

"ಇದೇ ನಮ್ಮೂರು," ಎಂದೆ.

"ಇದು ನಿಮ್ಮೂರು," ಎಂದಳು.

ಅವ್ವ ಮೊದಲು ನಕ್ಕಳು. ಆಮೇಲೆ ದೀಪ ಹಚ್ಚುವ ಹೊತ್ತಾಯಿತೆಂದು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.