ಕುಸುಬಿ ಎಣ್ಣೆ ಕುಡಿದ ಜಾಕೀಟು

ಬೀದರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಕಾಂತಾಬಾಯಿಯ ಅಂಗಡಿ. ಪಕ್ಕದ್ದು ನನ್ನ ಬಳೆ ಅಂಗಡಿ. ನಡುವೆ ಇರುವುದು ಒಂದು ತಗಡು ಅಷ್ಟೇ, ಅಲ್ಲಿಯ ಮಾತೆಲ್ಲ ನನ್ನ ಕಿವಿಗೆ ಬೀಳುತ್ತದೆ. ಅವಳ ತವರು ಔರಾದ ಕಡೆಯ ಡಾಬಕಾ, ಗಂಡನ ಮನೆ ಭಾಲ್ಕಿ. ಮಾಸಿದ ಸ್ವೇಡ್ ಚರ್ಮಕ್ಕೆ, ಅಂದರೆ ಮುಟ್ಟಿದರೆ ಮಖಮಲ್ಲಿನಂತಿರುವ ಚರ್ಮಕ್ಕೆ, ಮತ್ತೆ ಬಣ್ಣ ಕೊಡುವುದನ್ನು ಹೈದರಾಬಾದಿನಲ್ಲಿದ್ದ ಅಣ್ಣನಿಂದ ಕಲಿತಳು; ಅಂಗಡಿಯ ಕೆಲಸವೂ ಅದೇ. ಮಗಳು ವಿಶಾಖಾ ಬ್ಯಾಂಕಿನಲ್ಲಿದ್ದಾಳೆ. "ಅಂಗಡಿ ಮುಚ್ಚವ್ವ, ಸಾಕು" ಎಂದರೆ ಕಾಂತಾಬಾಯಿ, "ನಿನ್ನ ಬ್ಯಾಂಕ್ ಮುಚ್ಚಂತ ನಾ ಅಂತೀನೇನು?" ಎನ್ನುತ್ತಾಳೆ.

ಹೋದ ಚಳಿಗಾಲದಲ್ಲಿ ಖತೀಜಾ ಬೇಗಂ ಒಂದು ಸ್ವೇಡ್ ಜಾಕೀಟು ತಂದರು. ತೀರಿಹೋದ ಗಂಡನದು. ಭಾನುವಾರದ ತನ್ನ ನಿಕಾಹಕ್ಕೆ ಅದನ್ನೇ ತೊಡುವುದಾಗಿ ಮಗ ರಾಹೀಲ ಹಟ ಹಿಡಿದಿದ್ದ. ಜೇನಿನ ಬಣ್ಣ ಮಾಸಿತ್ತು. ಕಾಲರಿನ ಮೇಲೆ ಅಂಗೈಯಗಲ ಕಲೆ.

"ಖರೇ ಹೇಳ್ರಿ ಆಪಾ, ಏನ್ ಹಚ್ಚೀರಿ?" ಎಂದಳು ಕಾಂತಾಬಾಯಿ.

"ಕುಸುಬಿ ಎಣ್ಣಿರಿ. ಚಪ್ಪಲಿಗೆಲ್ಲ ಅದನ್ನೇ ಹಚ್ತೇವಲ್ಲ, ಮೆತ್ತಗಾಗ್ತದಂತ. ರಾಹೀಲಗ ಹೇಳಬ್ಯಾಡ್ರಿ. ಅಬ್ಬಾಂದು ಕೆಡಿಸಿದ್ರಿ ಅಂತಾನ."

ನಮ್ಮ ಕಡೆ ಎಲ್ಲರೂ ಹೀಗೇ. ಹೊಸ ಚಪ್ಪಲಿ ಕಚ್ಚಿದರೆ ಎಣ್ಣೆ, ಒಣಗಿ ಬಿರಿದರೆ ಎಣ್ಣೆ. ಸ್ವೇಡ್‌ಗೆ ಮಾತ್ರ ಅದು ಆಗಿಬರುವುದಿಲ್ಲ.

ಮರುದಿನ ರಾಹೀಲ ಒಬ್ಬನೇ ಬಂದ. "ಮೊಣಕೈ ಹತ್ರ ಒಂದು ಕಲಿ ಅದರಿ, ಅಮ್ಮಿ ನೋಡಿಲ್ಲ. ನಾನೇ ಎಣ್ಣಿ ಹಚ್ಚೀನಿ. ಅವ್ರಿಗೆ ಗೊತ್ತಾದ್ರ ಅಳ್ತಾರ್ರಿ."

"ಆಯ್ತಪ್ಪ, ನಾ ಯಾರಿಗೂ ಹೇಳಂಗಿಲ್ಲ" ಎಂದಳು ಕಾಂತಾಬಾಯಿ, ಮುಖ ಗಟ್ಟಿ ಮಾಡಿಕೊಂಡು. ತಗಡಿನ ಈಚೆ ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ.

ಎರಡು ದಿನ ಕಲೆಗಳ ಮೇಲೆ ಸುಣ್ಣದಕಡ್ಡಿಯ ಪುಡಿ ಹರಡಿ ಎಣ್ಣೆ ಹೀರಿಸಿದಳು. ಆಮೇಲೆ ಜೇನುಬಣ್ಣವನ್ನು ಹನಿಯಷ್ಟು ಹಚ್ಚಿ ನೋಡಿದರೆ ಕಲೆ ಹಾಗೇ ಇಣುಕಿತು. ಖತೀಜಾ ಬೇಗಂರನ್ನು ಕರೆಸಿದಳು.

"ಆಪಾ, ಹಳೀ ಬಣ್ಣ ಬರಂಗಿಲ್ಲ. ಕಲಿಗಿಂತ ಗಾಢ ಮಾಡಿದ್ರ ಉಳೀತದ. ಮಾಡ್ಲೇನು?"

ಅವರು ಜಾಕೀಟಿನ ಕಾಲರಿನ ಮೇಲೆ ಬೆರಳಾಡಿಸಿದರು. "ಬಣ್ಣ ಹೋದ್ರ ಹೋಗಲಿರಿ. ನಿಕಾಹದಾಗ ಮಗನ ಮೈಮ್ಯಾಲ ಅದು ಇದ್ರ ಸಾಕು" ಎಂದರು.

ಕಾಂತಾಬಾಯಿ ಖಜೂರದಂಥ ಕಡುಗಂದು ಬಣ್ಣ ಕಲಸಿ, ಸ್ಪಂಜಿನಿಂದ ಮೂರು ಸಲ ಹಚ್ಚಿದಳು. ಪ್ರತಿ ಸಲವೂ ನೆರಳಲ್ಲಿ ಒಣಗಿಸಿ, ಚರ್ಮದ ಒತ್ತಿಹೋದ ನವಿರು ಎಳೆಗಳು ಏಳುವಂತೆ ಬ್ರಶ್ ಎಳೆದಳು. ಕಲೆ ಎಲ್ಲಿತ್ತೆಂದು ನನಗೂ ಹುಡುಕಲು ಆಗಲಿಲ್ಲ.

ಶನಿವಾರ ತಾಯಿ ಮಗ ಇಬ್ಬರೂ ಬಂದರು. ರಾಹೀಲ ಅಲ್ಲೇ ತೊಟ್ಟು ನಿಂತ.

"ಒಂದೇ ಮಾತು. ಇನ್ನ ಮ್ಯಾಲ ಇದಕ್ಕ ಎಣ್ಣಿ ಹಚ್ಚಬಾರ್ದು" ಎಂದಳು ಕಾಂತಾಬಾಯಿ.

"ಹಚ್ಚಂಗಿಲ್ರಿ!" ಇಬ್ಬರೂ ಒಟ್ಟಿಗೇ ಅಂದರು. ಅಂದವರು ಒಬ್ಬರ ಮುಖ ಒಬ್ಬರು ನೋಡಿದರು.

"ನೀನೂ ಹಚ್ಚಿದ್ಯೇನೋ?" ಎಂದರು ತಾಯಿ.

"ಅಂದ್ರ ಕಾಲರಿಂದು ನಿಮ್ದಾ, ಅಮ್ಮಿ? ಅಬ್ಬಾನ ತಲಿ ಎಣ್ಣಿ ಅಂತ ತಿಳಿದಿದ್ದೆ ನಾ!"

ಖತೀಜಾ ಬೇಗಂ ಮಗನ ಬೆನ್ನಿಗೆ ಗುದ್ದಿದರು. ಕೈ ಮಾತ್ರ ಅಲ್ಲೇ ಉಳಿಯಿತು. "ಅವ್ರಿದ್ದಿದ್ರ ಇವತ್ತು ಇಬ್ಬರಿಗೂ ಬೈತಿದ್ರು" ಎಂದು ನಕ್ಕರು.