ಯಾವಗಲ್ ಸ್ಟಾಪ್ ಕಟ್ಟಿದವರು ಯಾರು

ಗಜೇಂದ್ರಗಡದ ಬಸ್ ಸ್ಟ್ಯಾಂಡಿನೆದುರು ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ರಿಯಾಜನಿಗೆ ಬಾಯಿ ಸ್ವಲ್ಪ ದೊಡ್ಡದು. ಬಾಯಿಗೆ ತಕ್ಕ ಕೆಲಸವೂ ಇತ್ತು ಅನ್ನಿ. ಮೊಬೈಲಿನಲ್ಲಿ ನೂರಾರು ಜನ ಒಟ್ಟಿಗೆ ಬಸ್ಸು ಓಡಿಸುವ ಆಟವೊಂದಿದೆ. ಅದರೊಳಗೆ ಆಡುವವರೇ ಕಟ್ಟಿ ಸೇರಿಸುವ ಊರು, ರಸ್ತೆಗಳಿಗೆ ‘ಮಾಡ್’ ಅನ್ನುತ್ತಾರೆ. ರಿಯಾಜನ ಬಳಗ ಗಜೇಂದ್ರಗಡದಿಂದ ರೋಣ, ಯಾವಗಲ್ ಮೇಲೆ ನರಗುಂದದವರೆಗಿನ ರಸ್ತೆಯನ್ನು ತಗ್ಗು ದಿನ್ನೆ ಸಮೇತ ಅಲ್ಲಿ ಕಟ್ಟಿ ಕೂರಿಸಿತ್ತು.

ಕಟ್ಟಿದ್ದು ಹೊಲದ ಮುಯ್ಯಿಯ ಪದ್ಧತಿಯಲ್ಲಿ: ಇವತ್ತು ನಿನ್ನ ಕೆಲಸಕ್ಕೆ ನಾನು, ನಾಳೆ ನನ್ನದಕ್ಕೆ ನೀನು. ಒಬ್ಬ ಗುಡ್ಡ ಮಾಡಿ ಕಳಿಸಿದರೆ ಇನ್ನೊಬ್ಬ ಅದರ ಮೇಲೆ ಕೋಟೆ ಏರಿಸಿದ. ರೋಣದ ಮೇಧಾ ದಾರಿಯುದ್ದಕ್ಕೂ ಬೇವಿನ ಗಿಡ ಹಚ್ಚಿದಳು. ಯಾವುದು ಯಾರದೆಂದು ಬರೆದಿಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಮುಯ್ಯಿಗೆ ಬಂದವರ ಹಾಜರಿ ಯಾರು ಹಿಡಿಯುತ್ತಾರೆ?

ಆ ರಸ್ತೆಗೆ ಖಾಯಂ ಡ್ರೈವರ್ ಸಂಗನಬಸವ. ಇಪ್ಪತ್ತಾರು ವರ್ಷ ಖರೇ ಬಸ್ಸನ್ನೇ ಅದೇ ದಾರಿಯಲ್ಲಿ ಓಡಿಸಿದವರು. ಸಕ್ಕರೆ ಕಾಯಿಲೆಗೆ ಬಲಗಾಲು ಹೋದಮೇಲೆ ಮನೆಯಲ್ಲಿ ಗೋಡೆ ನೋಡುತ್ತ ಕೂತಿದ್ದರು. ಅವರ ಮೊಬೈಲು ರಿಪೇರಿಗೆ ಬಂದಾಗ ರಿಯಾಜ ತಮಾಷೆಗೆ ಈ ಆಟ ಹಾಕಿಕೊಟ್ಟ. ಅಂದಿನಿಂದ ದಿನಾ ಸಂಜೆ ಐದೂವರೆಗೆ ಇಸ್ತ್ರಿ ಮಾಡಿದ ಖಾಕಿ ಅಂಗಿ ತೊಟ್ಟು, ಮೂರು ಗಾಲಿಯ ಗಾಡಿಯಲ್ಲಿ ಅಂಗಡಿಗೆ ಹಾಜರು. ಮೊಬೈಲನ್ನು ಒಮ್ಮೆ ಕಣ್ಣಿಗೊತ್ತಿಕೊಂಡು ಬಸ್ಸು ಬಿಡುತ್ತಿದ್ದರು.

ಹೀಗಿರುವಾಗ ಎಲ್ಲಿಯದೋ ಒಬ್ಬ ಇವರ ಕೋಟೆಯನ್ನು ಕದ್ದು ತನ್ನ ಹೆಸರು ಹಾಕಿಕೊಂಡ. ರಿಯಾಜನ ಪಿತ್ತ ನೆತ್ತಿಗೇರಿತು. ಅದೇ ವಾರ ಆಟದ ಕಂಪನಿ, ಮಾಡ್‌ಗಳನ್ನು ಇನ್ನು ಮುಂದೆ ತಾನೇ ನೋಡಿ ಒಪ್ಪಿ ನಡೆಸುವ ಯೋಜನೆ ಹಾಕಿ, ಕಟ್ಟುವವರನ್ನೆಲ್ಲ ಆನ್‌ಲೈನ್ ಸಭೆಗೆ ಕರೆಯಿತು. ಏನೇನು ಬೇಕೆಂದು ಕೇಳಿದ್ದೇ ತಡ, ರಿಯಾಜ ಎಲ್ಲರಿಗಿಂತ ಮೊದಲು ಬಾಯಿ ಹಾಕಿದ: “ಒಂದೊಂದು ಸಾಮಾನಿಗೂ ಕಟ್ಟಿದವರ ಹೆಸರು, ಒಪ್ಪಿಗಿ ಬೇಕಂತ ಮಾಡ್ರಿ. ಇಲ್ಲದ್ದನ್ನ ಒಳಗ ಬಿಡಬ್ಯಾಡ್ರಿ.” ಎಲ್ಲರೂ ಹೌದೆಂದರು. ಅವತ್ತು ಅಕ್ಕಪಕ್ಕದ ಅಂಗಡಿಗಳಿಗೆಲ್ಲ ಅವನದೇ ಚಹಾ.

ತಿಂಗಳೊಪ್ಪತ್ತಿನಲ್ಲಿ ಹೆಸರು ತುಂಬಲು ಕಂಪನಿಯ ಫಾರ್ಮ್ ಬಂತು. ಗಿಡ, ಗುಡ್ಡ, ಕಲ್ಲು ಸೇರಿ ಮುನ್ನೂರಾ ಹನ್ನೆರಡು ಸಾಮಾನು. ಬಳಗದಲ್ಲಿ ಕೇಳಿದರೆ “ನೆನಪಿಲ್ಲೋ ದೋಸ್ತ” ಅನ್ನುವವರೇ ಎಲ್ಲ. ಯಾವಗಲ್ ಸ್ಟಾಪಿನ ಬಗ್ಗೆ ಮೇಧಾ, “ಗಿಡಾ ನಾ ಹಚ್ಚೀನ್ರಿ, ಸ್ಟಾಪ್ ನಂದಲ್ಲ” ಅಂದಳು. ಅದನ್ನು ಮೂರು ವರ್ಷದ ಹಿಂದೆ ಕಟ್ಟಿ ಕಳಿಸಿದವನ ನಂಬರ್ ಬಂದ್ ಆಗಿತ್ತು. ಹೆಸರೂ ಯಾರಿಗೂ ಗೊತ್ತಿರಲಿಲ್ಲ.

ರಿಯಾಜ ಎಲ್ಲ ಖಾನೆಯಲ್ಲೂ ‘ನಾವೆಲ್ಲರೂ’ ಎಂದು ತುಂಬಿದ. ಒಬ್ಬೊಬ್ಬರ ಹೆಸರೇ ಬೇಕೆಂದು ಅರ್ಧ ತಾಸಿನಲ್ಲಿ ವಾಪಸು ಬಂತು. ಮುಯ್ಯಿ ಅಂದರೇನೆಂದು ಎರಡು ಪುಟ ಬರೆದ. ಉತ್ತರ ಸಭ್ಯವಾಗಿತ್ತು: ಈ ನಿಯಮ ನಿಮ್ಮವರೇ ಕೇಳಿದ್ದು, ಒಪ್ಪಿಗೆಯಿಲ್ಲದ ಹಳೆಯ ಮಾಡ್‌ಗಳು ಸೋಮವಾರ ಬೆಳಿಗ್ಗೆಯಿಂದ ಬಂದ್. ಬಳಗದಲ್ಲಿ ಅರ್ಧ ಜನ ಆಟವನ್ನೇ ಬಿಟ್ಟಿದ್ದರು. ಮೊದಲಿನಿಂದ ಕಟ್ಟಲು ಅವನೊಬ್ಬನಿಗೆ ವರ್ಷಗಳೇ ಬೇಕು. ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳುವಷ್ಟು ಸಂಕಟವಾಯಿತು ಅವನಿಗೆ.

ರವಿವಾರ ಸಂಜೆ ಸಂಗನಬಸವ ಎಂದಿನಂತೆ ಬಂದರು. ವಿಷಯ ಕೇಳಿಯೂ ಬಸ್ಸು ಬಿಟ್ಟರು. ರೋಣ ದಾಟಿದ ಮೇಲೆ ಕೇಳಿದರು: “ಯಾವ ಶ್ಯಾಣ್ಯಾ ಕೇಳಿದ್ದಪಾ ಈ ರೂಲಾ?”

“ನಾನ ರೀ ಕಾಕಾ.”

ಅವರು ಯಾವಗಲ್ಲಿನ ಸ್ಟಾಪಿಗೆ ಬಸ್ಸು ನಿಲ್ಲಿಸಿ ಬಾಗಿಲು ತೆರೆದರು. ಹತ್ತುವವರಿಲ್ಲ, ಇಳಿಯುವವರಿಲ್ಲ.

“ಯಾರೂ ಇಲ್ರಿ ಕಾಕಾ, ಬಿಡ್ರಿ ಗಾಡಿ.”

“ತಡಿ. ಸ್ಟಾಪ್ ಕಟ್ಟಿದಂವಾ ಬಂದ್ರೂ ಬಂದಾನು.”

ರಿಯಾಜ ಪಕ್ಕದಲ್ಲೇ ಕೂತ. ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ತಡ ಮಾಡದ ಡ್ರೈವರ್, ಅಂಗಡಿ ಮುಚ್ಚುವವರೆಗೂ ಆ ಬಸ್ಸಿನ ಬಾಗಿಲು ಹಾಕಲಿಲ್ಲ. ನರಗುಂದಕ್ಕೆ ಹೋಗಲೂ ಇಲ್ಲ.