ಒಂಬತ್ತು ದಿನದ ಸ್ಲ್ಯಾಬ್

೧೯೯೭ರಲ್ಲಿ, ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಶಾಲೆ ಬಿಟ್ಟೆ. ಕಲ್ಲು ಹೊರುವ ಕೆಲಸಕ್ಕೆ ನನ್ನನ್ನು ಕರೆದುಕೊಂಡು ಹೋದವಳು ಅಕ್ಕ. ಹನ್ನೆರಡು ವರ್ಷದಲ್ಲಿ ನಾನು ಮೇಸ್ತ್ರಿಯಾದೆ. ಅವಳು ನನ್ನ ಕೈಕೆಳಗೆ ಕಾಂಕ್ರೀಟ್ ಬಾಂಡಲಿ ಹೊರುತ್ತಿದ್ದಳು, ಬೈಗುಳ ಮಾತ್ರ ಅವಳದೇ ನಡೆಯುತ್ತಿತ್ತು.

ಆಗ ಕುಂದಾಪುರದ ಪೇಟೆಯಲ್ಲಿ ಒಂದು ಹಳೇ ಫ್ಲ್ಯಾಟ್ ಕಟ್ಟಡದ ಒಂದು ಬದಿ ಒಡೆದು ದೊಡ್ಡದು ಮಾಡುವ ಕೆಲಸ ಸಿಕ್ಕಿತು. ಹದಿನೈದು ದಿನ ಬರೀ ಒಡೆದೆವು. ಕೆಂಪುಕಲ್ಲಿನ ಗೋಡೆ ಬಿದ್ದಾಗ ಎದೆಗೇ ಗುದ್ದಿದಂತಾಗುತ್ತಿತ್ತು. ಆ ಧೂಳಿಗೆ ಉಗುಳಿದರೆ ಎಂಜಲೂ ಕೆಂಪು. ಆಮೇಲೆ ಪಕ್ಕಕ್ಕೆ ಹೊಸ ಮನೆ ಸೇರಿಸಿ ಮೇಲೆ ಸ್ಲ್ಯಾಬ್ ಹಾಕಿದೆವು.

ಕಟ್ಟಡದ ಧಣಿ ಮುಂಬೈಯಲ್ಲಿ ಹೋಟೆಲ್ ನಡೆಸಿದವರು. ಆ ಹೊಸ ಮನೆಗೆ ಆಷಾಢ ಹುಟ್ಟುವ ಮೊದಲೇ ಒಕ್ಕಲಿನ, ಅಂದರೆ ಗೃಹಪ್ರವೇಶದ, ದಿನ ಇಡಿಸಿದ್ದರು. ಸ್ಲ್ಯಾಬ್ ಹಾಕಿದ ಒಂಬತ್ತನೇ ದಿನ ಮಧ್ಯಾಹ್ನ ತಮ್ಮ ಭಾವನ ಜೊತೆ ಬಂದವರು, ಸ್ಲ್ಯಾಬಿನ ಕೆಳಗೆ ಆಸರೆ ಕೊಟ್ಟ ಕಂಬಗಳನ್ನು ಕಂಡು ಕೆಂಡವಾದರು.

"ಹ್ವಾಯ್, ನಾಡಿದ್ದ್ ಒಕ್ಲ್. ಅಡ್ಗಿ ಒಲಿ ನಿನ್ ತಲಿ ಮೇಲ್ ಹೂಡುದಾ? ಕಂಬ ತೆಗಿ."

"ಇಪ್ಪತ್ತೊಂದ್ ದಿನ ಆಯ್ಕ್ ಧಣಿ, ಆದ್ದ್ ಒಂಬತ್ತೇ. ಈಗ ತೆಗದ್ರೆ ಬೀಳತ್ತ್."

"ಬೊಂಬಾಯಂಗೆ ಇಪ್ಪತ್ತ್ ಮಾಳಿಗಿ ಏಳುದ್ ಕಂಡವ ನಾನ್. ಒಂಬತ್ತನೇ ಕ್ಲಾಸ್ ಬಿಟ್ಟವ ನಂಗೆ ಕಲ್ಸುದಾ?"

ನಾನು ಕಂಬಕ್ಕೆ ಅಡ್ಡ ನಿಂತೆ. ಧಣಿಯ ಭಾವ ಕಬ್ಬಿಣದ ತುಂಡಿನಿಂದ ನನ್ನ ಭುಜಕ್ಕೆ ಬಾರಿಸಿದ. ಅವನ ಮೂಗಿಗೆ ಗುದ್ದಿದೆ, ರಕ್ತ ಬಿಳಿ ಅಂಗಿಯ ಮೇಲೆ ಇಳಿಯಿತು. ನೆರಳಲ್ಲಿ ಗಂಜಿ ಉಣ್ಣುತ್ತಿದ್ದ ಅಕ್ಕ ಬಟ್ಟಲು ಹಿಡಿದೇ ನಮ್ಮ ನಡುವೆ ನುಗ್ಗಿದಳು.

"ಹೊಡ್ಕಂಬುದ್ ಎಂತಕ್ಕಾ? ಬಿಡಾ!"

ಅಷ್ಟರಲ್ಲಿ ಧಣಿ ದೊಡ್ಡ ಸುತ್ತಿಗೆ ಎತ್ತಿ ಒಂದು ಕಂಬ ಹಾರಿಸಿದರು. ಅದರ ಪಕ್ಕದ್ದನ್ನೂ ಹಾರಿಸಿದರು. ಮೇಲೆ ಚಟ್ ಅಂದಿತು. ಅಕ್ಕನನ್ನು ಎರಡೂ ಕೈಯಿಂದ ಹೊರಗೆ ತಳ್ಳಿದೆ. ಸ್ಲ್ಯಾಬಿನ ಅಂಚು ಕುಸಿದು ಅವಳ ಕೈಯಿಂದ ಬಿದ್ದ ಬಟ್ಟಲನ್ನು ಅಪ್ಪಚ್ಚಿ ಮಾಡಿತು. ಅದರಡಿಯಿಂದ ಎಳೆದುಕೊಂಡ ನನ್ನ ಎಡಗೈಯಲ್ಲಿ ಎರಡು ಬೆರಳು ಇರಲಿಲ್ಲ.

ನೋವು ಗೊತ್ತಾಗಲಿಲ್ಲ. ಧಣಿ ಬಿಸಾಡಿದ್ದ ಅದೇ ಸುತ್ತಿಗೆಯನ್ನು ಬಲಗೈಯಲ್ಲಿ ಎತ್ತಿಕೊಂಡು ಅವರ ಮೇಲೆ ಹೋದೆ. ಅವರು ಗೋಡೆಗೆ ಒತ್ತಿಕೊಂಡರು. ನಿಜವಾಗಿ ಹೊಡೆಯುವವನೇ ಇದ್ದೆ. ಅಕ್ಕ ಹಿಂದಿನಿಂದ ಸೊಂಟ ತಬ್ಬಿ ಹಿಡಿದಳು.

"ಸಾಕ್ ಬಿಡಾ. ಮೊದ್ಲ್ ನಿನ್ ಬೆರಳ್ ಹುಡ್ಕ್."

ಆ ಆಷಾಢದ ಮೊದಲು ಒಕ್ಕಲು ಆಗಲಿಲ್ಲ. ಗಾಯ ಮಾಗಿದ ಮೇಲೆ ಸ್ಲ್ಯಾಬನ್ನು ಪುನಃ ಹಾಕಿದವನೂ ನಾನೇ. ಬೇರೆಯವರಿಗೆ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಇಪ್ಪತ್ತೆಂಟು ದಿನ ಕಂಬ ಇಟ್ಟೆ. ಧಣಿ ಅತ್ತ ಸುಳಿಯಲಿಲ್ಲ.

ಈಗ ನನ್ನ ಹತ್ತಿರ ಎರಡು ಮಿಕ್ಸರ್, ಹನ್ನೊಂದು ಜನ ಕೆಲಸದವರು, ಬೈಂದೂರಿನಿಂದ ಬ್ರಹ್ಮಾವರದವರೆಗೆ ನಾನು ಎಬ್ಬಿಸಿದ ಹದಿನಾಲ್ಕು ಕಟ್ಟಡ, ಎಂಟು ಬೆರಳು, ಒಬ್ಬಳು ಅಕ್ಕ.